ಒಂದೇ ಕೋಶದ ಗೋಡೆ

2004ರ ಶರತ್ಕಾಲದಲ್ಲಿ ನಾರ್ವೆಯ ಎರಡನೇ ದೊಡ್ಡ ನಗರ ಬರ್ಗನ್‌ನ ಜನ ಒಬ್ಬೊಬ್ಬರಾಗಿ ವೈದ್ಯರ ಬಾಗಿಲು ತಟ್ಟತೊಡಗಿದರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು. ಹೊಟ್ಟೆ ಉಬ್ಬರ, ತೇಗಿದರೆ ಕೊಳೆತ ಮೊಟ್ಟೆಯ ವಾಸನೆ, ಜಿಡ್ಡುಜಿಡ್ಡಾದ ಭೇದಿ, ತಿಂದದ್ದು ಮೈಗೆ ಹತ್ತದ ಸುಸ್ತು. ಕಾಯಿಲೆಯ ಗುರುತು ಸಿಗುವಷ್ಟರಲ್ಲಿ ವಾರಗಳೇ ಉರುಳಿದ್ದವು. ಅಲ್ಲಿನ ವೈದ್ಯರ ಲೆಕ್ಕದಲ್ಲಿ ಅದು ಬಿಸಿಲ ನಾಡುಗಳನ್ನು ಸುತ್ತಿ ಬಂದವರು ಹೊತ್ತು ತರುವ ಕಾಯಿಲೆ. ಊರು ಬಿಟ್ಟು ಕದಲದವರಿಗೆ ಅದು ಬರುವುದೆಂತು? ಕೊನೆಗೆ ಗೊತ್ತಾಯಿತು, ನಗರಕ್ಕೆ ನೀರುಣಿಸುವ ಜಲಾಶಯಕ್ಕೇ ಗಿಯಾರ್ಡಿಯಾ ಎಂಬ ಏಕಕೋಶ ಜೀವಿ ಇಳಿದಿತ್ತು. ನೀರಿಗೆ ಕ್ಲೋರಿನ್ ಹಾಕುತ್ತಿದ್ದರು, ನಿಜ. ಆದರೆ ಗಿಯಾರ್ಡಿಯಾ ಗಟ್ಟಿ ಕವಚ ತೊಟ್ಟು ನೀರಿನಲ್ಲಿ ತೇಲುವಾಗ ಮಾಮೂಲಿ ಪ್ರಮಾಣದ ಕ್ಲೋರಿನ್ನಿಗೆ ಜಗ್ಗುವುದಿಲ್ಲ. ಪ್ರಯೋಗಾಲಯದಲ್ಲಿ ಖಚಿತವಾದ ಪ್ರಕರಣಗಳೇ 1,200 ದಾಟಿದವು.

ಔಷಧ ಕೊಟ್ಟರು, ಜೀವಿ ಸತ್ತಿತು, ಮಲಪರೀಕ್ಷೆ ಶುದ್ಧವಾಯಿತು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮೂರು ವರ್ಷಗಳ ನಂತರ ಬರ್ಗನ್‌ನ ಸಂಶೋಧಕರು ಅದೇ ರೋಗಿಗಳನ್ನು ಮತ್ತೆ ವಿಚಾರಿಸಿದಾಗ ನೂರಕ್ಕೆ 46 ಮಂದಿಗೆ ಕರುಳಿನ ಕಿರಿಕಿರಿ ಇನ್ನೂ ಇತ್ತು. ಹೊಟ್ಟೆನೋವು, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ. ಸೋಂಕು ತಗಲದ ಅದೇ ಊರಿನವರಲ್ಲಿ ಈ ತೊಂದರೆ ಇದ್ದದ್ದು ನೂರಕ್ಕೆ 14 ಮಂದಿಗೆ. ಹತ್ತು ವರ್ಷ ಕಳೆದ ಮೇಲೂ ಈ ಅಂತರ ಹೆಚ್ಚೇನೂ ಕಿರಿದಾಗಿರಲಿಲ್ಲ.

ಹುಳುವನ್ನೋ ಸೂಕ್ಷ್ಮಜೀವಿಯನ್ನೋ ಕೊಲ್ಲುವುದು ಒಂದು ಕೆಲಸ, ಅದು ಕೂತಿದ್ದ ಜಾಗ ಸರಿಹೋಗುವುದು ಬೇರೆಯೇ ಕೆಲಸ. ನಾವು ಸಾಮಾನ್ಯವಾಗಿ ಮೊದಲನೆಯದನ್ನೇ ಚಿಕಿತ್ಸೆ ಎಂದು ಕರೆಯುತ್ತೇವೆ. ಎರಡನೆಯದು ಅರ್ಥವಾಗಬೇಕಾದರೆ ಆ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸಣ್ಣ ಕರುಳಿನ ಒಳಮೈ ನುಣುಪಾದ ಕೊಳವೆಯಲ್ಲ. ಅದರ ತುಂಬ ವಿಲ್ಲೈ ಎಂಬ ಬೆರಳಿನಾಕಾರದ ಎಳೆಗಳು ಎದ್ದು ನಿಂತಿವೆ, ಒಂದೊಂದರ ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಪ್ರತಿ ಎಳೆಯ ಮೇಲೆ ಸಾಲುಗಟ್ಟಿದ ಕೋಶಗಳು, ಆ ಕೋಶಗಳ ತಲೆಯ ಮೇಲೆ ಇನ್ನೂ ಸೂಕ್ಷ್ಮವಾದ ರೋಮಗಳು. ಈ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎಂದು ಹಳೆಯ ಪಠ್ಯಪುಸ್ತಕಗಳು ಬರೆಯುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರಿಬ್ಬರು ಮತ್ತೆ ಅಳೆದು, ಅದು ಉತ್ಪ್ರೇಕ್ಷೆ, ಸುಮಾರು 30 ಚದರ ಮೀಟರ್ ಅಷ್ಟೇ ಎಂದರು. ಅಷ್ಟಾದರೂ ಕಡಿಮೆಯೇನಲ್ಲ. ಅಚ್ಚರಿಯೆಂದರೆ ಇಷ್ಟು ವಿಸ್ತಾರದ ಗೋಡೆಯ ದಪ್ಪ ಒಂದೇ ಒಂದು ಕೋಶ. ಆಚೆ ಬದಿಗೆ ರಕ್ತ, ಈಚೆ ಬದಿಗೆ ಅನ್ನ, ಸಾರು, ಕೋಟ್ಯಂತರ ಬ್ಯಾಕ್ಟೀರಿಯಾ. ಕೋಶಕ್ಕೂ ಕೋಶಕ್ಕೂ ನಡುವಿನ ಸಂದನ್ನು ಪ್ರೋಟೀನುಗಳ ಬಿಗಿ ಹೊಲಿಗೆ ಮುಚ್ಚಿರುತ್ತದೆ, ಮೇಲೊಂದು ಲೋಳೆಯ ಹೊದಿಕೆ. ಈ ಕೋಶಗಳ ಆಯಸ್ಸು ಮೂರರಿಂದ ಐದು ದಿನ. ವಿಲ್ಲೈಗಳ ಬುಡದ ತಗ್ಗುಗಳಲ್ಲಿ ಹೊಸವು ಹುಟ್ಟಿ, ಮೇಲಕ್ಕೆ ಸರಿಯುತ್ತ ಹೋಗಿ, ತುದಿ ತಲುಪಿ ಉದುರುತ್ತವೆ. ಇಂದಿನ ಊಟವನ್ನು ಅರಗಿಸಿ ಹೀರುವ ಗೋಡೆ ಮುಂದಿನ ವಾರಕ್ಕೆ ಇರುವುದಿಲ್ಲ.

ಇಷ್ಟು ಬೇಗ ಹೊಸದಾಗುವ ಗೋಡೆ ಕೆಡುವುದು ಹೇಗೆ ಎಂದು ಯಾರಿಗಾದರೂ ಅನ್ನಿಸಬೇಕು. ಕೆಡಿಸುವ ಬಗೆ ಒಬ್ಬೊಬ್ಬ ಅತಿಥಿಯದು ಒಂದೊಂದು.

ಗಿಯಾರ್ಡಿಯಾ ಗೋಡೆಯನ್ನು ಕೊರೆಯುವುದೂ ಇಲ್ಲ, ಕಚ್ಚುವುದೂ ಇಲ್ಲ. ಇದನ್ನು ಮೊದಲು ಕಂಡವನು ಬಹುಶಃ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್. 1681ರಲ್ಲಿ ಹೊಟ್ಟೆ ಕೆಟ್ಟಾಗ ತನ್ನದೇ ಭೇದಿಯ ಒಂದು ಚೂರನ್ನು ತಾನೇ ಮಾಡಿದ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಚುರುಕಾಗಿ ಓಡಾಡುವ ಪುಟ್ಟ ಜೀವಿಗಳು ಕಂಡವು. ಆ ಕುತೂಹಲಕ್ಕೊಂದು ನಮಸ್ಕಾರ ಹೇಳಲೇಬೇಕು. ಗಿಯಾರ್ಡಿಯಾದ ಹೊಟ್ಟೆಯ ಭಾಗದಲ್ಲಿ ಗುಂಡನೆಯ ಒಂದು ತಟ್ಟೆ ಇದೆ. ಅದನ್ನು ಕೋಶಗಳ ಮೇಲೆ ಒತ್ತಿ ಹಿಡಿದು ಅಂಟಿಕೊಳ್ಳುತ್ತದೆ, ಬಿಡುತ್ತದೆ, ಪಕ್ಕಕ್ಕೆ ಸರಿದು ಮತ್ತೆ ಅಂಟುತ್ತದೆ. ಹೀಗೆ ಲಕ್ಷಗಟ್ಟಲೆ ಕೂತಾಗ ಕೋಶಗಳ ತಲೆಯ ಸೂಕ್ಷ್ಮರೋಮಗಳು ಗಿಡ್ಡವಾಗುತ್ತವೆ, ಸಂದಿನ ಹೊಲಿಗೆ ಸಡಿಲವಾಗುತ್ತದೆ, ಕೆಲವು ಕೋಶಗಳು ತಮ್ಮ ಆಯಸ್ಸಿಗೆ ಮೊದಲೇ ಸಾಯುತ್ತವೆ.

ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಇರುವುದು ಈ ರೋಮಗಳ ಮೇಲೆಯೇ. ರೋಮ ಹೋದರೆ ಕಿಣ್ವವೂ ಹೋಯಿತು. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ, ಹೊಟ್ಟೆಗೆ ಗಾಳಿ ಮತ್ತು ನೀರು. ಗಿಯಾರ್ಡಿಯಾಕ್ಕೆ ಮಾತ್ರೆ ನುಂಗಿ ಗುಣವಾದವರು ಒಂದು ಲೋಟ ಹಾಲು ಕುಡಿದು ಮತ್ತೆ ಶೌಚಾಲಯಕ್ಕೆ ಓಡುತ್ತಾರೆ, ಔಷಧ ಕೆಲಸ ಮಾಡಲಿಲ್ಲ ಎಂದುಕೊಳ್ಳುತ್ತಾರೆ. ಔಷಧ ಕೆಲಸ ಮಾಡಿರುತ್ತದೆ. ರೋಮಗಳು ಮತ್ತೆ ಬೆಳೆಯಲು, ಕಿಣ್ವ ಮತ್ತೆ ತಯಾರಾಗಲು ಕೆಲವು ವಾರ ಬೇಕು, ಅಷ್ಟೇ. ಕೊಬ್ಬನ್ನು ಹೀರುವ ಶಕ್ತಿಯೂ ಹೀಗೆಯೇ ಕುಗ್ಗಿರುತ್ತದೆ. ಬರ್ಗನ್‌ನವರ ಭೇದಿ ಜಿಡ್ಡಾಗಿದ್ದದ್ದು ಈ ಕಾರಣಕ್ಕೆ.

ಆಮಶಂಕೆ ತರುವ ಅಮೀಬಾ ಇಷ್ಟು ಸೌಮ್ಯವಲ್ಲ. ಎಂಟಮೀಬಾ ಹಿಸ್ಟೋಲಿಟಿಕಾ ಎಂಬ ಅದರ ಹೆಸರಿನ ಎರಡನೇ ಪದಕ್ಕೆ ಅಂಗಾಂಶವನ್ನು ಕರಗಿಸುವುದು ಎಂಬ ಅರ್ಥವಿದೆ. ವಿಷ ಉಗುಳಿ ಕೋಶವನ್ನು ಕೊಂದು, ಆಮೇಲೆ ನುಂಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಕ್ಯಾಥರಿನ್ ರಾಲ್ಸ್ಟನ್, ವಿಲಿಯಂ ಪೆಟ್ರಿ ಮತ್ತು ಸಂಗಡಿಗರು ಜೀವಂತ ಅಮೀಬಾಗಳನ್ನು ಸೂಕ್ಷ್ಮದರ್ಶಕದಡಿ ಗಮನಿಸಿದಾಗ ಬೇರೆಯೇ ಕಂಡಿತು. ಅಮೀಬಾ ಬದುಕಿರುವ ಕೋಶವನ್ನೇ ತುಣುಕು ತುಣುಕಾಗಿ ಕಡಿದು ತಿನ್ನುತ್ತದೆ. ಕೋಶ ಸತ್ತ ಮೇಲೆ ಅದನ್ನು ಅಲ್ಲೇ ಬಿಟ್ಟು ಪಕ್ಕದ ಜೀವಂತ ಕೋಶಕ್ಕೆ ಹೋಗುತ್ತದೆ. ದೊಡ್ಡ ಕರುಳಿನಲ್ಲಿ ಹೀಗೆ ಏಳುವ ಹುಣ್ಣುಗಳ ಬಾಯಿ ಕಿರಿದು, ಒಳಗೆ ಅಗಲ. ಗೋಡೆ ತೂತಾದ ಮೇಲೆ ಅಮೀಬಾ ರಕ್ತಕ್ಕೆ ಇಳಿದು ಪಿತ್ತಜನಕಾಂಗ ಸೇರಿ ಅಲ್ಲಿ ಕೀವಿನ ಬಾವು ಕಟ್ಟಬಹುದು. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದೂ ನಿಜ.

ನಮ್ಮ ಕಡೆಯ ದೊಡ್ಡ ಕತೆ ಕೊಕ್ಕೆಹುಳುವಿನದು.

ಒಂದು ಸೆಂಟಿಮೀಟರ್ ಉದ್ದದ ಈ ಹುಳುವನ್ನು 1838ರಲ್ಲಿ ಮಿಲಾನ್ ನಗರದ ವೈದ್ಯ ಆಂಜೆಲೊ ಡುಬಿನಿ ಒಬ್ಬ ರೈತ ಹೆಂಗಸಿನ ಶವಪರೀಕ್ಷೆಯಲ್ಲಿ ಕಂಡ. ಕಂಡದ್ದೇನೋ ಸರಿ, ಅದರಿಂದ ಆಗುವ ಕೇಡು ಲೋಕಕ್ಕೆ ಮನದಟ್ಟಾದದ್ದು ನಾಲ್ಕು ದಶಕಗಳ ಬಳಿಕ, ಆಲ್ಪ್ಸ್ ಪರ್ವತದ ಹೊಟ್ಟೆಯೊಳಗೆ. 1872ರಿಂದ 1882ರವರೆಗೆ ಸ್ವಿಟ್ಜರ್ಲೆಂಡಿನಲ್ಲಿ ಗೊಟ್ಹಾರ್ಡ್ ರೈಲು ಸುರಂಗ ತೋಡುತ್ತಿದ್ದ ಇಟಲಿಯ ಕೂಲಿಕಾರರು ಬಿಳಿಚಿಕೊಳ್ಳತೊಡಗಿದರು. ಏದುಸಿರು, ಎದೆಬಡಿತ, ಎರಡು ಹೆಜ್ಜೆಗೆ ದಣಿವು. ಹದಿನೈದು ಕಿಲೋಮೀಟರ್ ಸುರಂಗದ ಒಳಗೆ ಬೆಚ್ಚನೆಯ ತೇವ, ಶೌಚಕ್ಕೆ ವ್ಯವಸ್ಥೆಯಿಲ್ಲ, ಕೆಸರಿನಲ್ಲಿ ಕೆಲಸ. ಟ್ಯೂರಿನ್ನಿನ ಎಡೊವಾರ್ಡೊ ಪೆರೊಂಚಿಟೊ ಮತ್ತಿತರರು ಅವರ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳನ್ನು ತೋರಿಸಿದರು. ಹಿಮದ ನಾಡಿನ ಬೆಟ್ಟದೊಳಗೆ ಮನುಷ್ಯರೇ ಒಂದು ಉಷ್ಣವಲಯವನ್ನು ಕಟ್ಟಿಕೊಂಡಿದ್ದರು.

ಹುಳು ಬಾಯಿಂದ ಒಳಹೋಗುತ್ತದೆ ಎಂದೇ ಆಗಲೂ ಎಲ್ಲರ ತಿಳಿವಳಿಕೆ. 1890ರ ದಶಕದಲ್ಲಿ ಕೈರೋ ನಗರದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಮರಿಹುಳುಗಳಿದ್ದ ನೀರನ್ನು ಗಿನಿ ಇಲಿಗಳ ಬಾಯಿಗೆ ಬಿಡುತ್ತಿದ್ದಾಗ ಒಂದು ಹನಿ ಕೈಮೇಲೆ ಬಿತ್ತು. ಬಿದ್ದಲ್ಲಿ ಉರಿ, ತುರಿಕೆ, ಕೆಂಪು. ನೀರು ಆರಿದ ಮೇಲೆ ನೋಡಿದರೆ ಮರಿಗಳೇ ಇಲ್ಲ. ವಾರಗಳು ಕಳೆದ ಮೇಲೆ ಅವನದೇ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳಿದ್ದವು. ಚರ್ಮ ತೂರಿ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಹತ್ತಿ, ಉಗುಳಿನೊಂದಿಗೆ ನುಂಗಲ್ಪಟ್ಟು ಕರುಳಿಗೆ. ಇಷ್ಟು ಸುತ್ತುದಾರಿಯ ಪಯಣವನ್ನು ಲೂಸ್ ಮುಂದೆ ಹಂತಹಂತವಾಗಿ ಸಾಬೀತುಪಡಿಸಿದ.

ನೆರಳು, ತೇವ, ಸಡಿಲ ಮಣ್ಣು, ಬರಿಗಾಲು, ಬಯಲು ಶೌಚ. ಈ ಐದೂ ಕೂಡುವಲ್ಲಿ ಕೊಕ್ಕೆಹುಳುವಿಗೆ ಸುಗ್ಗಿ. ಮಲೆನಾಡಿನ ಕಾಫಿ, ಏಲಕ್ಕಿ ತೋಟಗಳನ್ನೂ ಕರಾವಳಿಯ ಅಡಿಕೆ ತೋಟಗಳನ್ನೂ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿನಲ್ಲಿ ಏಳುವ ತುರಿಕೆಯನ್ನೆಲ್ಲ ಕೆಸರುಹುಣ್ಣು ಎಂದು ತಳ್ಳಿಹಾಕುವುದು ವಾಡಿಕೆ. ಅದರಲ್ಲಿ ಕೆಲವು ಈ ಮರಿಗಳು ಹೊಕ್ಕ ಗುರುತೂ ಆಗಿರಬಹುದು.

ಕರುಳು ಸೇರಿದ ಹುಳು ಬಾಯಿ ತೆರೆದು ಒಳಪದರದ ಒಂದು ತುಣುಕನ್ನೇ ಒಳಕ್ಕೆಳೆದು ಕಚ್ಚುತ್ತದೆ. ಆಂಕೈಲೊಸ್ಟೋಮಾ ಜಾತಿಗೆ ಚೂಪು ಹಲ್ಲುಗಳು, ನೆಕೇಟರ್ ಜಾತಿಗೆ ಕತ್ತರಿಸುವ ತಗಡುಗಳು. ರಕ್ತನಾಳ ಹರಿಯುತ್ತದೆ. ರಕ್ತ ಹೆಪ್ಪುಗಟ್ಟಿದರೆ ಊಟ ನಿಂತೀತು, ಹಾಗಾಗಿ ಹುಳು ತನ್ನ ಜೊಲ್ಲಿನಲ್ಲಿ ಹೆಪ್ಪುತಡೆ ಪ್ರೋಟೀನುಗಳನ್ನು ಬಿಡುತ್ತದೆ. ಇಲ್ಲೇ ಗೋಡೆಗೆ ಎರಡನೇ ಪೆಟ್ಟು. ಹುಳು ಹೊಟ್ಟೆತುಂಬಿಸಿಕೊಂಡು ಬೇರೆ ಜಾಗಕ್ಕೆ ಸರಿದ ಮೇಲೂ ಬಿಟ್ಟ ಗಾಯ ಕೂಡಲೇ ಹೆಪ್ಪುಗಟ್ಟದೆ ಸ್ವಲ್ಪ ಹೊತ್ತು ಒಸರುತ್ತಲೇ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ನೆಕೇಟರ್ ಹುಳು ಒಂದರಿಂದ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ನಷ್ಟ. ಆಂಕೈಲೊಸ್ಟೋಮಾ ಆದರೆ ಅದರ ಐದು ಪಟ್ಟು ಅಥವಾ ಇನ್ನೂ ಹೆಚ್ಚು. ನೂರು ನೆಕೇಟರ್ ಇದ್ದರೆ ದಿನಕ್ಕೆ 3 ಮಿಲಿಲೀಟರ್, ಒಂದು ಚಮಚೆಯೂ ಅಲ್ಲ. ಆದರೆ ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ, ಅಂದರೆ ದಿನಕ್ಕೆ ಒಂದೂವರೆ ಮಿಲಿಗ್ರಾಂ ಸೋರಿಕೆ. ನಮ್ಮ ಕರುಳು ಆಹಾರದಿಂದ ಹೀರಿಕೊಳ್ಳುವ ಕಬ್ಬಿಣವೇ ದಿನಕ್ಕೆ ಒಂದರಿಂದ ಎರಡು ಮಿಲಿಗ್ರಾಂ. ಸೋರಿದ ಕಬ್ಬಿಣದಲ್ಲಿ ಒಂದು ಪಾಲನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ ಎಂದುಕೊಂಡರೂ ಮಿಕ್ಕಿದ್ದು ತಿಂಗಳಿಗೆ, ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಮುಟ್ಟಿನ ರಕ್ತಸ್ರಾವವೂ ಬಸಿರೂ ಇರುವ ಹೆಂಗಸಿನ ಲೆಕ್ಕಪುಸ್ತಕದಲ್ಲಿ ಈ ಸಣ್ಣ ಸೋರಿಕೆಗೆ ಜಾಗವೇ ಇಲ್ಲ. ಕಬ್ಬಿಣದ ಜೊತೆ ಪ್ರೋಟೀನೂ ಸೋರುತ್ತದೆ. ಸೋಂಕು ತೀವ್ರವಾದಾಗ ಮುಖ ಊದಿ, ಕಾಲಿಗೆ ನೀರಿಳಿಯುವುದು ಅದರಿಂದ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಇತ್ತು. ಇದನ್ನೆಲ್ಲ ಹುಳುವಿನ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ತಟ್ಟೆಯಲ್ಲಿ ಕಬ್ಬಿಣವೇ ಕಡಿಮೆ, ತಾಯಿಯಿಂದಲೇ ಕೊರತೆ ಬಂದಿರುತ್ತದೆ, ಬೇರೆ ಸೋಂಕುಗಳಿವೆ.

ಚಾಟಿಹುಳು ಹೆಸರಿಗೆ ತಕ್ಕಂತೆ ಮುಂದೆ ತೆಳು, ಹಿಂದೆ ದಪ್ಪ. ದೊಡ್ಡ ಕರುಳಿನ ಆರಂಭದಲ್ಲಿ ತನ್ನ ತೆಳು ತಲೆಯನ್ನು ಗೋಡೆಯ ಕೋಶಗಳ ಒಳಗೇ ಹೊಗಿಸಿ, ಕೋಶದಿಂದ ಕೋಶಕ್ಕೆ ಸುರಂಗ ಮಾಡಿಕೊಂಡು ವರ್ಷಗಟ್ಟಲೆ ನೆಲೆಸುತ್ತದೆ. ಬಾಲ ಮಾತ್ರ ಹೊರಗೆ. ಸಂಖ್ಯೆ ಮಿತಿಮೀರಿದ ಮಕ್ಕಳಲ್ಲಿ ರಕ್ತಬೆರೆತ ಭೇದಿ, ತಿಣುಕಿ ತಿಣುಕಿ ಗುದನಾಳವೇ ಹೊರಬರುವುದು, ಬೆಳವಣಿಗೆ ಕುಂಠಿತವಾಗುವುದು ಎಲ್ಲ ಕಾಣುತ್ತವೆ. ಮಲದಲ್ಲಿ ಕಂಡು ಮನೆಯವರನ್ನು ಬೆಚ್ಚಿಬೀಳಿಸುವ, ಅಡಿಯುದ್ದದ ದುಂಡುಹುಳು ಗೋಡೆಯ ಮಟ್ಟಿಗೆ ಇವರಿಬ್ಬರಿಗಿಂತ ಸಾಧು. ಅದು ಕಚ್ಚುವುದಿಲ್ಲ, ಕರುಳಿನ ಟೊಳ್ಳಿನಲ್ಲಿ ಈಜುತ್ತ ನಮ್ಮ ಊಟದಲ್ಲಿ ಪಾಲು ಪಡೆಯುತ್ತದೆ. ಹೆಣ್ಣು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆಯಿಡುತ್ತದೆ. ಹತ್ತಾರು ಒಟ್ಟಾಗಿ ಉಂಡೆಕಟ್ಟಿ ಕರುಳನ್ನೇ ಮುಚ್ಚಿಬಿಟ್ಟರೆ ಶಸ್ತ್ರಚಿಕಿತ್ಸೆ. ಬೆಲ್ಲ ತಿಂದರೆ ಜಂತು ಆಗುತ್ತದೆ ಎಂದು ಮಕ್ಕಳನ್ನು ಗದರುವ ಅಜ್ಜಿಯರ ಮಾತಿನಲ್ಲಿ ಹಲ್ಲಿನ ಮಟ್ಟಿಗೆ ಹುರುಳಿದೆ, ಹುಳುವಿನ ಮಟ್ಟಿಗಿಲ್ಲ. ಬೆಲ್ಲದಿಂದ ಹುಳು ಹುಟ್ಟುವುದಿಲ್ಲ. ಮಣ್ಣು ಮೆತ್ತಿದ ಕೈಯಿಂದ, ತೊಳೆಯದ ಸೊಪ್ಪಿನಿಂದ ಅದರ ಮೊಟ್ಟೆ ಬಾಯಿಗೆ ಹೋಗಬೇಕು.

ಗೋಡೆ ಇದನ್ನೆಲ್ಲ ಸುಮ್ಮನೆ ಸಹಿಸುತ್ತದೆಯೇ? ಇಲ್ಲ. ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು, ತಲೆಯ ಮೇಲೆ ಜುಟ್ಟಿನಂಥ ರೋಮಗುಚ್ಛವಿರುವ ಟಫ್ಟ್ ಕೋಶಗಳು ಇವೆ ಎಂದು 1950ರ ದಶಕದಿಂದಲೇ ಗೊತ್ತಿತ್ತು. ಯಾಕಿವೆ ಎಂದು ಗೊತ್ತಿರಲಿಲ್ಲ. 2016ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಇಲಿಗಳಲ್ಲಿ ಉತ್ತರ ಕಂಡುಕೊಂಡವು. ನಾಲಗೆ ರುಚಿ ನೋಡಲು ಬಳಸುವ ಕೆಲವು ಅಣುಗಳೇ ಈ ಕೋಶಗಳಲ್ಲೂ ಇವೆ. ಹುಳು ಬಂದದ್ದನ್ನು ಅವು ಅರಿತು ಒಂದು ಸಂಕೇತ ಕಳಿಸುತ್ತವೆ; ರೋಗನಿರೋಧಕ ಕೋಶಗಳು ಮರುಸಂಕೇತ ಕೊಡುತ್ತವೆ; ಅದು ತಗ್ಗುಗಳಲ್ಲಿ ಹುಟ್ಟುತ್ತಿರುವ ಹೊಸ ಕೋಶಗಳಿಗೆ ಮುಟ್ಟಿ, ಹೀರುವ ಕೋಶಗಳ ಬದಲು ಲೋಳೆ ಸುರಿಸುವ ಕೋಶಗಳು ಹೆಚ್ಚು ಹುಟ್ಟತೊಡಗುತ್ತವೆ. ಜೊತೆಗೆ ಕರುಳಿನ ಸ್ನಾಯು ಜೋರಾಗಿ ಹಿಂಡುತ್ತದೆ, ಗೋಡೆಯಿಂದ ನೀರು ಒಸರುತ್ತದೆ, ಕೋಶಗಳ ಉದುರುವಿಕೆ ವೇಗವಾಗುತ್ತದೆ. ಹಿಡಿದ ಜಾಗವೇ ಜಾರಿಹೋದರೆ ಹುಳು ನಿಲ್ಲುವುದೆಲ್ಲಿ? ಇಲಿಗಳು ಕೆಲವು ಜಾತಿಯ ಹುಳುಗಳನ್ನು ಎರಡೇ ವಾರದಲ್ಲಿ ಹೀಗೆ ಹೊರಹಾಕುತ್ತವೆ. ಮನುಷ್ಯರ ಹುಳುಗಳು ಹೆಚ್ಚು ಪಳಗಿದವು. ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗಿಡುವ ರಾಸಾಯನಿಕಗಳನ್ನು ಸ್ರವಿಸುತ್ತ ಅವು ವರ್ಷಗಳ ಕಾಲ ಉಳಿಯುತ್ತವೆ.

ಈ ತಣ್ಣಗಿಡುವ ಗುಣವೇ ಒಂದು ವಿಚಿತ್ರ ಕತೆಗೆ ದಾರಿಯಾಯಿತು. ಕರುಳಿನ ಹುಣ್ಣಿನ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್‌ನಿಂದ ಬಳಲುತ್ತಿದ್ದ ಅಮೆರಿಕದ ಒಬ್ಬಾತ 2004ರಲ್ಲಿ ಥಾಯ್ಲೆಂಡಿಗೆ ಹೋಗಿ ಚಾಟಿಹುಳುವಿನ ಮೊಟ್ಟೆಗಳನ್ನು ಸಂಪಾದಿಸಿ, ಮೊದಲು 500, ಕೆಲವು ತಿಂಗಳ ಬಳಿಕ ಇನ್ನೂ 1,000 ಮೊಟ್ಟೆಗಳನ್ನು ತಾನೇ ನುಂಗಿದ. ಕಾಯಿಲೆ ಹೆಚ್ಚುಕಡಿಮೆ ಅಡಗಿತು. ಆತ ತನ್ನನ್ನು ಪರೀಕ್ಷಿಸಲು ಒಪ್ಪಿದ್ದರಿಂದ ಪಿಂಗ್ ಲೋಕ್ ಮತ್ತು ಸಂಗಡಿಗರು ಅವನ ಕರುಳಿನ ಚೂರುಗಳನ್ನು ತೆಗೆದು ನೋಡಿ 2010ರಲ್ಲಿ ಪ್ರಕಟಿಸಿದರು. ಹುಣ್ಣಿದ್ದ ಭಾಗದಲ್ಲಿ ಬತ್ತಿದ್ದ ಲೋಳೆ, ಹುಳುಗಳು ನೆಲೆಸಿದ ಭಾಗದಲ್ಲಿ ಧಾರಾಳವಾಗಿತ್ತು. ಹುಳುವನ್ನು ಹೊರದಬ್ಬಲು ಗೋಡೆ ಮಾಡಿದ ಪ್ರಯತ್ನ ಗೋಡೆಗೇ ಮದ್ದಾಗಿತ್ತು. ಇದನ್ನು ಓದಿ ಯಾರೂ ಮೊಟ್ಟೆ ಹುಡುಕಿ ಹೊರಡಬಾರದು. ಹಂದಿಯ ಚಾಟಿಹುಳುವಿನ ಮೊಟ್ಟೆಗಳನ್ನು ಕರುಳಿನ ಮತ್ತೊಂದು ಉರಿಯೂತದ ಬೇನೆಯಾದ ಕ್ರೋನ್ಸ್ ಕಾಯಿಲೆಯ ರೋಗಿಗಳಿಗೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗಗಳು ಆಮೇಲೆ ಸಫಲವಾಗಲಿಲ್ಲ. ಒಬ್ಬನ ಕರುಳಲ್ಲಿ ಕಂಡದ್ದು ನೂರಾರು ಜನರಲ್ಲಿ ಕಾಣಲಿಲ್ಲ.

ಇಷ್ಟರವರೆಗೆ ಹೆಸರಿರುವ ಜೀವಿಗಳ ಮಾತಾಯಿತು. ಗೋಡೆಯ ಕತೆಯ ಹೆಚ್ಚು ಗಂಭೀರ ಭಾಗಕ್ಕೆ ಒಬ್ಬನೇ ಆರೋಪಿ ಇಲ್ಲ.

1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್, ವಿ.ಐ. ಮಥಾನ್ ಮುಂತಾದವರು ಸುತ್ತಲಿನ ಹಳ್ಳಿಗಳಲ್ಲಿ ಹಬ್ಬಿದ್ದ ಸ್ಪ್ರೂ ಎಂಬ ದೀರ್ಘ ಭೇದಿಯ ಬೆನ್ನು ಹತ್ತಿದ್ದರು. ಆ ಕಾಲಕ್ಕೆ ಕ್ರಾಸ್‌ಬಿ ಕ್ಯಾಪ್ಸೂಲ್ ಎಂಬ ಉಪಕರಣ ಬಂದಿತ್ತು. ತೆಳು ನಳಿಕೆಗೆ ಕಟ್ಟಿದ ಲೋಹದ ಗುಳಿಗೆ. ರೋಗಿ ಅದನ್ನು ನುಂಗಬೇಕು, ಕರುಳು ತಲುಪಿದ ಮೇಲೆ ಹೊರಗಿನಿಂದ ಗಾಳಿ ಎಳೆದರೆ ಒಳಗಿನ ಪುಟ್ಟ ಅಲಗು ಒಳಪದರದ ಚೂರೊಂದನ್ನು ಕತ್ತರಿಸಿಕೊಳ್ಳುತ್ತದೆ. ಹೋಲಿಸಿ ನೋಡಲು ಆರೋಗ್ಯವಂತರ ಚೂರುಗಳೂ ಬೇಕಲ್ಲ? ಅಲ್ಲೇ ಆಶ್ಚರ್ಯ ಕಾದಿತ್ತು. ಯಾವ ದೂರೂ ಇಲ್ಲದ, ದಿನವೂ ದುಡಿಯುತ್ತಿದ್ದ ಜನರ ವಿಲ್ಲೈಗಳು ಕೂಡ ಪಾಶ್ಚಾತ್ಯ ಪಠ್ಯಪುಸ್ತಕದ ಚಿತ್ರದಂತೆ ಉದ್ದ ಬೆರಳುಗಳಾಗಿರದೆ ಗಿಡ್ಡವಾಗಿ, ಅಗಲವಾಗಿ, ಎಲೆಯಾಕಾರಕ್ಕೆ ಚಪ್ಪಟೆಯಾಗಿದ್ದವು.

ಇದು ನಮ್ಮ ಜನರ ಹುಟ್ಟುಗುಣವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎರಡು ಕಡೆಯಿಂದ. ಆಗಿನ ಪಾಕಿಸ್ತಾನಕ್ಕೆ ಸೇವೆಗೆಂದು ಬಂದಿದ್ದ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರ ಕರುಳೂ ಅಲ್ಲಿ ಇದ್ದಷ್ಟು ಕಾಲ ಹೀಗೆಯೇ ಕೆಟ್ಟಿತ್ತು ಎಂದು ಜಾನ್ ಲಿಂಡೆನ್‌ಬಾಮ್ ಮತ್ತು ಸಹೋದ್ಯೋಗಿಗಳು 1966ರಲ್ಲಿ ಬರೆದರು. ತಾಯ್ನಾಡಿಗೆ ಮರಳಿದ ಮೇಲೆ ಅದು ತಾನಾಗಿ ಸುಧಾರಿಸಿತು. ನ್ಯೂಯಾರ್ಕಿನಲ್ಲಿ ನೆಲೆಸಿದ ಭಾರತೀಯರನ್ನೂ ಪಾಕಿಸ್ತಾನಿಯರನ್ನೂ ಪರೀಕ್ಷಿಸಿದಾಗ ಅವರಲ್ಲೂ ಅದೇ ಕಂಡಿತು. ದಿನ ಕಳೆದಂತೆ ಕರುಳು ಹೀರುವ ಶಕ್ತಿ ಮರಳುತ್ತಿತ್ತು. ಅಂದರೆ ಕಾರಣ ರಕ್ತದಲ್ಲಿಲ್ಲ, ಊರಿನ ನೀರು, ಮಣ್ಣು, ಕೈಗಳಲ್ಲಿದೆ. ಮಲದ ಕಣಗಳು ದಿನನಿತ್ಯ ಬಾಯಿಗೆ ಹೋಗುತ್ತ, ಇಂದು ಒಂದು ಜೀವಿ, ನಾಳೆ ಇನ್ನೊಂದು ಗೋಡೆಯನ್ನು ಕೆರಳಿಸುತ್ತ ಇರುವಾಗ ಐದು ದಿನಕ್ಕೊಮ್ಮೆ ಹೊಸದಾದರೂ ಅದು ಹೊಸದಾಗುವುದು ಕೆಟ್ಟ ರೂಪದಲ್ಲೇ. ಇಂದು ಇದನ್ನು ಪರಿಸರಜನ್ಯ ಕರುಳುಬೇನೆ ಎನ್ನುತ್ತಾರೆ.

ಎಂಟು ದೇಶಗಳಲ್ಲಿ ಹಸುಳೆಗಳನ್ನು ಹುಟ್ಟಿನಿಂದ ಹಿಂಬಾಲಿಸಿದ ಮಾಲ್-ಎಡ್ ಅಧ್ಯಯನದಲ್ಲಿ ವೆಲ್ಲೂರೂ ಒಂದು ಕೇಂದ್ರ. ಅಲ್ಲಿ ಮತ್ತೆ ಗಿಯಾರ್ಡಿಯಾ ಎದುರಾಯಿತು, ಆದರೆ ಬರ್ಗನ್‌ನಲ್ಲಿ ಕಂಡ ರೂಪದಲ್ಲಲ್ಲ. ಎಳವೆಯಲ್ಲೇ ಗಿಯಾರ್ಡಿಯಾ ಅಂಟಿ ಉಳಿದುಕೊಂಡ ಮಕ್ಕಳಿಗೆ ಭೇದಿ ಹೆಚ್ಚಾಗಲಿಲ್ಲ. ಅವರ ಕರುಳು ಮಾತ್ರ ಹೆಚ್ಚು ಸೋರುತ್ತಿತ್ತು, ಎರಡನೇ ಹುಟ್ಟುಹಬ್ಬದ ಹೊತ್ತಿಗೆ ಅವರ ಎತ್ತರ ಉಳಿದವರಿಗಿಂತ ಕಡಿಮೆ ಇತ್ತು. ಭೇದಿಯಾದರೆ ತಾಯಿ ಮಗುವನ್ನು ಆಸ್ಪತ್ರೆಗೆ ಒಯ್ದಾಳು. ಭೇದಿಯೇ ಇಲ್ಲದ ಸೋಂಕಿಗೆ ಯಾರು ಒಯ್ಯುತ್ತಾರೆ?

ಹಾಗಾದರೆ ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10ರಂದು ಮಕ್ಕಳಿಗೆ ಅಗಿಯಲು ಕೊಡುವ ಆ ಸಿಹಿ ಮಾತ್ರೆಯಿಂದ ಏನು ಪ್ರಯೋಜನ? 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಒಂದರಿಂದ ಹತ್ತೊಂಬತ್ತು ವರ್ಷದವರಿಗೆಲ್ಲ ಅಲ್ಬೆಂಡಜೋಲ್ ಕೊಡುತ್ತದೆ. ಎರಡು ವರ್ಷ ತುಂಬಿದವರಿಗೆ 400 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ ಅರ್ಧ. ಹುಳು ಸಕ್ಕರೆಯನ್ನು ಹೀರಿಕೊಳ್ಳದಂತೆ ತಡೆದು ಅದನ್ನು ಹಸಿವಿನಿಂದ ಸಾಯಿಸುವ ಈ ಔಷಧ ದುಂಡುಹುಳುವಿಗೆ ರಾಮಬಾಣ, ಕೊಕ್ಕೆಹುಳುವಿಗೂ ಚೆನ್ನಾಗಿ ನಾಟುತ್ತದೆ. ಗೋಡೆಯೊಳಗೆ ತಲೆ ಹುದುಗಿಸಿದ ಚಾಟಿಹುಳು ಒಂದೇ ಮಾತ್ರೆಗೆ ಪೂರ್ತಿ ಹೋಗುವುದು ಮೂರರಲ್ಲಿ ಒಬ್ಬರಿಗೆ ಮಾತ್ರ. ಗಿಯಾರ್ಡಿಯಾ, ಅಮೀಬಾಗಳನ್ನು ಆ ಒಂದು ಮಾತ್ರೆ ಹೊರಹಾಕುವುದಿಲ್ಲ.

ಉತ್ತರ ಪ್ರದೇಶದಲ್ಲಿ ಸುಮಾರು 10 ಲಕ್ಷ ಪುಟ್ಟ ಮಕ್ಕಳನ್ನು ಒಳಗೊಂಡ ದೇವತಾ ಎಂಬ ಪ್ರಯೋಗದ ಫಲಿತಾಂಶ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಕೊಟ್ಟ ಕಡೆ ಮಕ್ಕಳ ತೂಕದಲ್ಲಾಗಲಿ ಸಾವಿನ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ವ್ಯರ್ಥ ಎಂದು ಕೆಲವರು ಕೂಗೆಬ್ಬಿಸಿದರು. ಹಾಗೆ ತೀರ್ಮಾನಿಸುವುದು ಅವಸರವಾದೀತು. ಅಲ್ಲಿನ ಹೆಚ್ಚಿನ ಮಕ್ಕಳ ಹೊಟ್ಟೆಯಲ್ಲಿ ಹುಳುವಿನ ಹೊರೆ ಹಗುರವಾಗಿತ್ತು. ನೂರಾರು ಹುಳು ಹೊತ್ತ ಮಗುವಿಗೆ ಅದೇ ಮಾತ್ರೆ ದೊಡ್ಡ ಉಪಕಾರ. ಆದರೆ ಗೋಡೆಯನ್ನು ಕೆಡಿಸಿದ್ದು ಹುಳುವೊಂದೇ ಅಲ್ಲದಿದ್ದಾಗ ಹುಳುವನ್ನಷ್ಟೇ ತೆಗೆದರೆ ತೂಕ ಏರಬೇಕೆಂದು ಕಾಯುವುದು ತಪ್ಪು ಲೆಕ್ಕ. ಶೌಚಾಲಯ ಕಟ್ಟಿಸಿ, ಕೈ ತೊಳೆಯಲು ಕಲಿಸಿ, ನೀರಿಗೆ ಕ್ಲೋರಿನ್ ಹಾಕಿದ ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳ ದೊಡ್ಡ ಪ್ರಯೋಗಗಳಲ್ಲೂ ಅಷ್ಟರಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಬಾಂಗ್ಲಾದೇಶದಲ್ಲಿ ಭೇದಿಯೂ ಗಿಯಾರ್ಡಿಯಾವೂ ಕಡಿಮೆಯಾದವು ಎಂಬುದು ಸಣ್ಣ ಗೆಲುವಲ್ಲ. ಹಿತ್ತಿಲಲ್ಲಿ ಕೋಳಿ ಓಡಾಡುವ, ಮಗು ಅದೇ ನೆಲದಲ್ಲಿ ಅಂಬೆಗಾಲಿಡುವ ಮನೆಗೆ ಒಂದು ಗುಂಡಿ ಶೌಚಾಲಯ ಸಾಲದು ಎನ್ನುವುದು ಹಲವು ಸಂಶೋಧಕರ ಅಭಿಪ್ರಾಯ.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಇದಕ್ಕಿಂತ ಸರಳ. ಕೊಕ್ಕೆಹುಳುವಿನ ಮಾತ್ರೆಯ ಜೊತೆ ಕಬ್ಬಿಣಾಂಶದ ಮಾತ್ರೆಯನ್ನು ತಿಂಗಳುಗಟ್ಟಲೆ ಮುಂದುವರಿಸದಿದ್ದರೆ ಸೋರಿಹೋದದ್ದು ಮರಳುವುದಿಲ್ಲ. ಗಿಯಾರ್ಡಿಯಾ ಮಲದಲ್ಲಿ ದಿನ ಬಿಟ್ಟು ದಿನ ಕಾಣಿಸಿಕೊಳ್ಳುವ ಚಾಳಿಯದು. ಒಂದು ಪರೀಕ್ಷೆಯಲ್ಲಿ ಸಿಗಲಿಲ್ಲವೆಂದು ಕೈಬಿಡದೆ ಬೇರೆಬೇರೆ ದಿನ ಮೂರು ಮಾದರಿ ಕೊಡುವಂತೆ ವೈದ್ಯರು ಹೇಳುವುದು ಅದಕ್ಕೆ. ಗುಣವಾದ ಮೇಲೆ ಹಾಲು ಕೆಲವು ವಾರ ಒಗ್ಗದಿದ್ದರೆ ಮೊಸರು ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ, ಅವುಗಳಲ್ಲಿ ಹಾಲಿನ ಸಕ್ಕರೆ ಕಡಿಮೆ. ನೀರನ್ನು ಒಂದು ನಿಮಿಷ ಕುದಿಸಿದರೆ ಕ್ಲೋರಿನ್ನಿಗೆ ಜಗ್ಗದ ಕವಚದೊಳಗಿನ ಜೀವಿಯೂ ಸಾಯುತ್ತದೆ.

ಇನ್ನೊಂದು ಹುಳುವಿನ ವಿಷಯ ಹೇಳದೆ ಬಿಡುವಂತಿಲ್ಲ, ಏಕೆಂದರೆ ಅದರ ವಿಷಯದಲ್ಲಿ ಅಜ್ಞಾನ ದುಬಾರಿ. ಸ್ಟ್ರಾಂಜಿಲಾಯ್ಡಿಸ್ ಎರಡು ಮಿಲಿಮೀಟರ್ ಉದ್ದದ್ದು, ಕೊಕ್ಕೆಹುಳುವಿನಂತೆ ಬರಿಗಾಲಿನಿಂದ ಬರುತ್ತದೆ. ಆದರೆ ಇದರ ಮೊಟ್ಟೆಗಳು ಕರುಳಿನಲ್ಲೇ ಒಡೆಯುತ್ತವೆ, ಮರಿಗಳಲ್ಲಿ ಕೆಲವು ಹೊರಹೋಗದೆ ಕರುಳಿನ ಗೋಡೆಯನ್ನೇ ಮತ್ತೆ ತೂರಿ ಹೊಸ ಸುತ್ತು ಆರಂಭಿಸುತ್ತವೆ. ಹೀಗೆ ಒಂದೇ ದೇಹದಲ್ಲಿ ಪೀಳಿಗೆಯ ಮೇಲೆ ಪೀಳಿಗೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲುಮಾರ್ಗ ಹಾಕಲು ಜಪಾನೀಯರು ದುಡಿಸಿದ ಬ್ರಿಟಿಷ್, ಆಸ್ಟ್ರೇಲಿಯನ್ ಯುದ್ಧಕೈದಿಗಳಲ್ಲಿ, ಊರಿಗೆ ಮರಳಿ ಮೂವತ್ತು ವರ್ಷ ಕಳೆದ ಮೇಲೂ ಈ ಹುಳು ಜೀವಂತವಾಗಿ ಸಿಕ್ಕಿತು. ದೇಹದ ರೋಗನಿರೋಧಕ ಶಕ್ತಿ ಅದನ್ನು ಅಂಕೆಯಲ್ಲಿಟ್ಟಷ್ಟು ಕಾಲ ಅಲ್ಲೊಂದು ತುರಿಕೆ, ಇಲ್ಲೊಂದು ಹೊಟ್ಟೆನೋವು. ಆ ಅಂಕೆ ತಪ್ಪುವುದು ಹೆಚ್ಚಾಗಿ ಸ್ಟೀರಾಯ್ಡ್ ಕೊಟ್ಟಾಗ. ಆಗ ಮರಿಗಳು ಸಾವಿರಗಟ್ಟಲೆ ಗೋಡೆ ತೂರುತ್ತವೆ, ಮೈಗೆ ಮೆತ್ತಿಕೊಂಡ ಕರುಳಿನ ಬ್ಯಾಕ್ಟೀರಿಯಾಗಳನ್ನೂ ರಕ್ತಕ್ಕೆ, ಮಿದುಳಿನ ಪೊರೆಗೆ ಒಯ್ಯುತ್ತವೆ. ಕೋವಿಡ್ ಕಾಲದಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್‌ನ ಬಳಕೆ ಹೆಚ್ಚಿದಾಗ ಪರಿಣತರು ಎಚ್ಚರಿಸಿದ್ದು ಈ ಅಪಾಯದ ಬಗ್ಗೆಯೇ. ಮಾಮೂಲಿ ಮಲಪರೀಕ್ಷೆ ಇದನ್ನು ಎಷ್ಟೋ ಸಲ ತಪ್ಪಿಸಿಬಿಡುತ್ತದೆ, ರಕ್ತಪರೀಕ್ಷೆ ಹೆಚ್ಚು ನಂಬಿಕಸ್ಥ, ಮದ್ದು ಐವರ್ಮೆಕ್ಟಿನ್. ಗದ್ದೆ ತೋಟಗಳಲ್ಲಿ ಬರಿಗಾಲಲ್ಲಿ ಬೆಳೆದು ಈಗ ಸಂಧಿವಾತಕ್ಕೋ ಆಸ್ತಮಾಕ್ಕೋ ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳಬೇಕಾಗಿ ಬಂದವರು ಮೊದಲ ಮಾತ್ರೆಗೆ ಮುನ್ನವೇ ತಮ್ಮ ವೈದ್ಯರ ಬಳಿ ಈ ಹುಳುವಿನ ಪರೀಕ್ಷೆಯ ಬಗ್ಗೆ ಕೇಳುವುದು ಒಳಿತು.